ಅರಿಸಿನ ಹಚ್ಚಿದ ಮೀನು

ಮೀನು ಸತ್ತು ತೇಲಿದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ಏನೋ ರೋಗ ಬಂದಿರಬೇಕು. ಈ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗೆ ನೋಡಿದರೆ ಉರಿಯಬಾರದು, ಮೀನಿನ ರೋಗವೇ ನನಗೆ ಅನ್ನ ಕೊಡುತ್ತಿರುವುದು. ಹೊಸಪೇಟೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕುಳಿತು ಸುತ್ತಲಿನ ಹೊಳೆ, ಕೆರೆ, ಕಾಲುವೆಗಳ ಮೀನುಗಳಿಗೆ ಏನಾಗಿದೆ, ನೀರು ಕೆಡುವುದಕ್ಕೂ ಅವುಗಳ ಕಾಯಿಲೆಗೂ ಏನು ಸಂಬಂಧ ಎಂದು ಹುಡುಕುವುದು ನನ್ನ ಕೆಲಸ. ಆದರೆ ಮನುಷ್ಯ ಸತ್ತರೆ ಯಾವ ರೋಗ, ಹೇಗೆ ಬಂತು, ಏನು ತಿಂದಿದ್ದ, ಎಲ್ಲಿಗೆ ಹೋಗಿದ್ದ ಎಂದು ನೂರು ಪ್ರಶ್ನೆ ಕೇಳುವ ಜನ, ಮೀನಿನ ವಿಷಯದಲ್ಲಿ ಮಾತ್ರ ರೋಗ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಈ ಕೆಲಸಕ್ಕೆ ಬಂದ ಮೇಲೆ ಅದು ಅಲ್ಲೇ ಮನೆ ಕಟ್ಟಿಕೊಂಡಿದೆ.

ನಮ್ಮದು ಶೈವರ ಮನೆ. ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅಂಥ ಮನೆಯ ಮಗಳು ದಿನಾ ಮೀನು ಕೊಯ್ದು ಸಂಬಳ ತರುತ್ತಾಳೆ ಎಂಬುದನ್ನು ಅವ್ವ ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಯಾರಾದರೂ ಕೇಳಿದರೆ ನೀರಿನ ಆಫೀಸಿನಲ್ಲಿ ಇದ್ದಾಳೆ ಎನ್ನುತ್ತಿದ್ದಳು. ನಾನು ಸಂಜೆ ಮನೆಗೆ ಬಂದರೆ ಹಿತ್ತಲ ಬಾಗಿಲಿನಿಂದಲೇ ಬರಬೇಕು, ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಕಾಲಿಡಬೇಕು. ನನ್ನ ಮಾದರಿ ಡಬ್ಬಿಗಳಿಗೆ ಹಿತ್ತಲಲ್ಲಿ ಒಂದು ಕಲ್ಲು ನಿಗದಿಯಾಗಿತ್ತು. ಅವು ತುಳಸಿಕಟ್ಟೆಯ ಕಡೆ ಮುಖ ಮಾಡಕೂಡದು ಎಂದೂ ಅಪ್ಪಣೆಯಾಗಿತ್ತು. ಡಬ್ಬಿಗೆ ಮುಖ ಯಾವುದು ಎಂದು ನಾನು ಕೇಳಿದ್ದಕ್ಕೆ ಆ ದಿನ ನನಗೆ ರೊಟ್ಟಿಯ ಜೊತೆ ಬೈಗುಳವೂ ಸಿಕ್ಕಿತು.

ಕೆಲಸವೆಂದರೆ ತಿರುಗಾಟ. ಮಳೆ ಬಿದ್ದಾಗ ಸಂಡೂರಿನ ಕಡೆ ಹೋಗುತ್ತೇನೆ. ಗುಡ್ಡದಿಂದ ಇಳಿಯುವ ಹಳ್ಳಗಳು ಅದಿರಿನ ಮಣ್ಣು ಕಲಸಿಕೊಂಡು ಕೆಂಪಗೆ ಹರಿಯುತ್ತವೆ. ಅಲ್ಲಿನ ಸಣ್ಣ ಮೀನುಗಳ ಕಿವಿರು ಬಿಡಿಸಿದರೆ ಎಳೆ ಎಳೆಗೂ ನುಣ್ಣನೆಯ ಕೆಂಪು ಧೂಳು ಅಂಟಿರುತ್ತದೆ. ಕಿವಿರೆಂದರೆ ಮೀನು ಉಸಿರಾಡುವ ಅಂಗ, ನಮ್ಮ ಜನ ಅದನ್ನು ಮೀನಿನ ಕಿವಿ ಎಂದೇ ಕರೆಯುತ್ತಾರೆ. ಸಂತೆಯಲ್ಲಿ ಮೀನು ಕೊಳ್ಳುವವರು ಅದನ್ನು ಎತ್ತಿ ನೋಡಿ ಕೆಂಪಗಿದ್ದರೆ ತಾಜಾ ಎಂದು ಒಯ್ಯುತ್ತಾರೆ. ಸಂಡೂರಿನ ಹಳ್ಳದ ಮೀನು ಯಾವತ್ತೂ ತಾಜಾ. ಹಂಪಿಯಲ್ಲಿ ಹೊಳೆಯ ದಡಕ್ಕೆ ಹೋದರೆ ಬೇರೆ ಕಥೆ. ಮೇಲಿನ ಬಾಳೆ ತೋಟಗಳಿಗೆ ಹೊಡೆದ ಔಷಧಿ, ಗೆಸ್ಟ್ ಹೌಸುಗಳ ಬಚ್ಚಲ ನೀರು ಎಲ್ಲವೂ ಅಲ್ಲಿಗೇ ಇಳಿಯುತ್ತದೆ. ನಾನು ಮಂಡಿಯುದ್ದ ನೀರಿನಲ್ಲಿ ನಿಂತು ಬಾಟಲಿ ತುಂಬಿಸುತ್ತಿದ್ದರೆ ಬಂದ ಪ್ರವಾಸಿಗರು ನನ್ನ ಫೋಟೊ ತೆಗೆಯುತ್ತಾರೆ. ಒಬ್ಬರಂತೂ ಇದು ಯಾವ ಪೂಜೆ ಎಂದು ಕೇಳಿದ್ದರು. ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಈಗ ಹೇಳಬೇಕಾದದ್ದು ಕಂಪ್ಲಿಯ ಕಡೆಯ ಒಂದು ಕೆರೆಯದು. ಅದರ ಹೆಸರು ಬೇಡ. ಕಾಲುವೆಯ ಉಳಿಕೆ ನೀರು ಬಂದು ನಿಲ್ಲುವ ಕೆರೆ, ಏರಿಯ ಕೆಳಗೆ ಭತ್ತದ ಗದ್ದೆ. ಪಂಚಾಯ್ತಿಯಿಂದ ಅದನ್ನು ಗುತ್ತಿಗೆಗೆ ಪಡೆದು, ಮರಿ ಬಿಟ್ಟು, ಬೆಳೆಸಿ, ಹಿಡಿದು ಮಾರಿ ಬದುಕುವ ಒಂದಷ್ಟು ಬೆಸ್ತರ ಮನೆಗಳು ದಡದಲ್ಲೇ ಇವೆ. ಇನ್ನೊಂದು ಮೂಲೆಯಲ್ಲಿ ಅಕ್ಕಿ ಮಿಲ್ಲು. ಅಲ್ಲಿ ಭತ್ತವನ್ನು ನೆನೆಸಿ, ಕುದಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಭತ್ತ ನೆನೆದ ನೀರು ಕಂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಹೊಡೆಯುತ್ತ ಒಂದು ಪೈಪಿನಲ್ಲಿ ಕೆರೆಗೆ ಬಂದು ಬೀಳುತ್ತದೆ.

ಆ ದಡದ ಮನೆಗಳಲ್ಲಿ ತೆಪ್ಪ ಹಾಕುವ ಹೆಂಗಸು ಒಬ್ಬಳೇ. ನಾನು ಆಕೆಯನ್ನು ಅಕ್ಕ ಎನ್ನುತ್ತೇನೆ, ಆಕೆ ನನ್ನನ್ನು ಮೇಡಂ ಎನ್ನುತ್ತಾಳೆ, ವಯಸ್ಸಿನಲ್ಲಿ ಆಕೆ ನನಗಿಂತ ಸ್ವಲ್ಪವೇ ದೊಡ್ಡವಳು. ಆಕೆಯೇ ಹಿಡಿದು, ಆಕೆಯೇ ಬುಟ್ಟಿ ಹೊತ್ತು ಕಂಪ್ಲಿಯಲ್ಲಿ ಮಾರುತ್ತಿದ್ದಳು. ಮಾತು ಜೋರು, ಹಟ ಇನ್ನೂ ಜೋರು, ತನ್ನಷ್ಟು ಚೆನ್ನಾಗಿ ಮೀನು ಸೀಳಿ ಹಸನು ಮಾಡುವವರು ಯಾರೂ ಇಲ್ಲ ಎಂಬ ಜಂಬವೂ ಇತ್ತು. ನಾನು ಮೀನು ತಿನ್ನುವುದಿಲ್ಲ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಿನ್ನದವರಿಗೆ ಅದರ ಬ್ಯಾನಿ ಹೆಂಗ ತಿಳೀತೈತಿ ಎಂದು ಕೇಳಿದ್ದಳು. ತಿನ್ನುವವರಿಗೂ ತಿಳಿದಿಲ್ಲವಲ್ಲ ಎಂದು ನಾನು ಹೇಳಿದ ಮೇಲೆ ನಮ್ಮಿಬ್ಬರಿಗೂ ಸರಿ ಹೋಯಿತು.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. ಕೆರೆಯ ತುಂಬ ರೋಹು, ಕಾಟ್ಲಾ ಬಾಯಿ ಬಿಟ್ಟುಕೊಂಡು ತೇಲುತ್ತಿವೆ, ಕೆಲವಕ್ಕೆ ಮೈಮೇಲೆ ಹುಣ್ಣು ಎಂದಳು. ನಾನು ಅವತ್ತು ಸಂಡೂರಿನ ಆಚೆ ಸಿಕ್ಕಿಕೊಂಡಿದ್ದೆ, ಗಾಡಿ ಕೆಟ್ಟಿತ್ತು. ಸತ್ತ ಮೀನು ಬೇಡ, ಇನ್ನೂ ಉಸಿರಿರುವುದನ್ನು ಹಿಡಿದು ಮಂಜುಗಡ್ಡೆಯ ಮೇಲಿಟ್ಟು ಹೊಸಪೇಟೆಗೆ ತಾ, ನಾನು ಅಲ್ಲಿಗೇ ಬರುತ್ತೇನೆ ಎಂದೆ. ನಮ್ಮ ಬಿಸಿಲಿನಲ್ಲಿ ಸತ್ತ ಮೀನಿನ ಕಿವಿರು ನೋಡನೋಡುತ್ತಲೇ ಕರಗಿ ಹೋಗುತ್ತದೆ, ಆಮೇಲೆ ಅದರಿಂದ ಏನೂ ತಿಳಿಯುವುದಿಲ್ಲ. ನೀರು ಕೆಟ್ಟಿದ್ದರೆ ಮೊದಲು ಹೇಳುವುದು ಕಿವಿರು. ಉಳಿದ ಮೈಯೆಲ್ಲ ಆಮೇಲೆ ಹೇಳುತ್ತದೆ.

ನಾನು ಪ್ರಯೋಗಾಲಯಕ್ಕೆ ಬರುವಷ್ಟರಲ್ಲಿ ಅಕ್ಕ ಮೆಟ್ಟಿಲ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ದೊಡ್ಡ ಸ್ಟೀಲ್ ಡಬ್ಬಿ. ಒಳಗೆ ಮಂಜುಗಡ್ಡೆ, ಅದರ ಮೇಲೆ ಬಾಳೆ ಎಲೆ, ಎಲೆಯ ಮೇಲೆ ಸಾಲಾಗಿ ಮೀನು. ಹೊಟ್ಟೆ ಸೀಳಿ, ಕರುಳು ತೆಗೆದು, ಕಿವಿರನ್ನು ಬುಡದಿಂದ ಕಿತ್ತು, ತೊಳೆದು, ಉಪ್ಪು ಅರಿಸಿನ ತಿಕ್ಕಿ ಹಳದಿಯಾಗಿ ಹೊಳೆಯುತ್ತಿದ್ದವು. ಮದುವಣಗಿತ್ತಿಯರ ಹಾಗೆ ಇದ್ದವು. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ.

ಕಿವಿ ಎಲ್ಲಿ ಎಂದು ಕೇಳಿದೆ. ಕಿತ್ತು ದಂಡೆಯಲ್ಲೇ ಒಗೆದೆ, ನಾಯಿ ತಿಂದವು ಎಂದಳು. ಯಾಕೆ ಕಿತ್ತೆ ಎಂದು ನಾನು ದನಿ ಏರಿಸಿದೆ. ಆಕೆಯೂ ಬಿಡಲಿಲ್ಲ.

“ಕಿವಿ ತಗೀಲಾರದ ಮೀನು ಓದಿದವ್ರ ಮುಂದ ಹೆಂಗ ಇಡಾದ್ರಿ? ನಮ್ಮಲ್ಲಿ ಒಬ್ರ ಮನಿಗೆ ಮೀನು ಒಯ್ದ್ರ ಕಿವಿ ನೀರಿನ ದಂಡಿಮ್ಯಾಗ ಕೀಳಬೇಕು. ಕಿವಿ ಇರಾ ಮೀನು ಕೊಟ್ರ ಕೊಳೆತದ್ದು ಕೊಟ್ಟಂಗ, ಅವ್ರ ಮರ್ಯಾದಿ ತಗದಂಗ.”

ಅದು ಆ ದಡದ ಪದ್ಧತಿ. ಬಿಸಿಲಿಗೆ ಮೊದಲು ಕೊಳೆಯುವುದೇ ಕಿವಿರು, ಆದ್ದರಿಂದ ಅದನ್ನು ತೆಗೆದು ಕೊಡುವುದೇ ಅವರಲ್ಲಿ ಸಭ್ಯತೆ. ಬಸ್ಸಿನಲ್ಲಿ ಡಬ್ಬಿ ಹಿಡಿದು ನಿಂತೇ ಬಂದಿದ್ದಳು, ಕಂಡಕ್ಟರನ ಹತ್ತಿರ ಜಗಳವಾಡಿದ್ದಳು, ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿದ್ದಳು. ಡಬ್ಬಿಯನ್ನು ಇಸಿದುಕೊಂಡು ಒಳಗೆ ಹೋದೆ.

ಸಿಕ್ಕಿದ್ದರಲ್ಲೇ ನೋಡಿದೆ. ಹುಣ್ಣಿನ ಆಳದಿಂದ ತೆಗೆದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. ಅದು ಎಲ್ಲ ಕೆರೆಗಳಲ್ಲೂ ಇರುವಂಥದ್ದೇ. ಮೀನು ಗಟ್ಟಿಯಾಗಿದ್ದರೆ ಅದು ತನ್ನ ಪಾಡಿಗೆ ಇರುತ್ತದೆ, ಮೀನು ಬಳಲಿದರೆ ಮೈಗೆ ಹತ್ತುತ್ತದೆ. ಬಳಲಿದ್ದು ಯಾಕೆ ಎಂಬುದೇ ಪ್ರಶ್ನೆ, ಅದಕ್ಕೆ ಉತ್ತರ ನಾಯಿಯ ಹೊಟ್ಟೆಯಲ್ಲಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ: ಹುಣ್ಣಿನ ರೋಗ ಇದೆ, ಕಿವಿರು ದೊರೆಯದ ಕಾರಣ ನೀರಿನ ಬಗ್ಗೆ ಈ ಮಾದರಿಯಿಂದ ಏನೂ ಹೇಳಲಾಗದು, ಹೊಸ ಮಾದರಿ ಬೇಕು.

ಪಂಚಾಯ್ತಿ ಕಟ್ಟೆಯ ಸಭೆಗೆ ತಾಲ್ಲೂಕಿನಿಂದ ಒಬ್ಬ ಸಾಹೇಬರು ಬಂದಿದ್ದರು. ನನ್ನ ವರದಿಯ ಮೊದಲ ಮಾತನ್ನು ಓದಿ ಮಡಚಿ ಜೇಬಿಗಿಟ್ಟರು. ಎಲ್ಲ ತಿಳಿಯಾಯಿತಲ್ಲ, ರೋಗ ಎಂದರು. ಮುಂದೆ ಓದಿ ಎಂದು ನಾನು ಎದ್ದು ನಿಂತೆ. ಕುಂದ್ರಿ ಮೇಡಂ, ನಿಮ್ಮದೇ ವರದಿ, ನಿಮ್ಮನ್ನೇ ಒಪ್ಪಿಕೊಂಡೇವಲ್ಲ ಎಂದು ನಕ್ಕರು. ಇವರು ಎಲ್ಲಿಂದಲೋ ಕೆಟ್ಟ ಮರಿ ತಂದು ಬಿಟ್ಟು ಕೆರೆಗೆ ರೋಗ ತಂದಿದ್ದಾರೆ, ಇಂಥವರ ಕೈಗೆ ಮುಂದಿನ ಸಲ ಗುತ್ತಿಗೆ ಕೊಡಬೇಕೋ ಬೇಡವೋ ಯೋಚಿಸಬೇಕಾಗುತ್ತದೆ ಎಂದರು. ಗುತ್ತಿಗೆ ಹೋದರೆ ಆ ಮನೆಗಳಿಗೆ ಬೇರೆ ಏನೂ ಇಲ್ಲ, ಅವರಿಗೆ ಒಂದು ಗೇಣು ಗದ್ದೆಯೂ ಇಲ್ಲ. ಅಕ್ಕ ನನ್ನ ಕಡೆ ನೋಡಿದಳು. ಆಕೆಯ ಕಣ್ಣಿನಲ್ಲಿ ನಾನು ಕೂಡ ಆ ಮೇಜಿನ ಹಿಂದೆ ಕುಳಿತವಳೇ ಆಗಿದ್ದೆ.

ಮಿಲ್ಲಿನ ಮಾಲೀಕರೂ ಸಭೆಯಲ್ಲಿದ್ದರು. ನಮ್ಮವರೇ, ಹಣೆಯ ತುಂಬ ವಿಭೂತಿ, ಮಾತು ಬೆಣ್ಣೆ. ತಾವು ಮೀನನ್ನು ಮುಟ್ಟುವವರಲ್ಲ, ಅದರ ಮೇಲೆ ತಮಗೆ ದ್ವೇಷ ಯಾಕೆ ಎಂದು ಕೇಳಿದರು. ಪೈಪಿನಲ್ಲಿ ಬರುವುದು ಬರೀ ಅಕ್ಕಿಯ ಗಂಜಿ, ಬಾಣಂತಿಗೂ ಕೂಸಿಗೂ ಕೊಡುವ ಗಂಜಿ, ಅದರಲ್ಲಿ ಏನು ವಿಷ ಐತಿ ಎಂದರು. ಸುತ್ತಲಿನವರು ತಲೆ ಆಡಿಸಿದರು. ಗಂಜಿ ಒಂದು ಲೋಟ ಇದ್ದರೆ ಗಂಜಿ, ಕೆರೆಯ ತುಂಬ ಹರಿದು ಬಿಸಿಲಿಗೆ ಕೊಳೆತರೆ ಅದು ನೀರಿನಲ್ಲಿರುವ ಉಸಿರನ್ನೆಲ್ಲ ತಿಂದು ಹಾಕುತ್ತದೆ, ಮೀನು ವಿಷದಿಂದಲೇ ಸಾಯಬೇಕೆಂದಿಲ್ಲ, ಉಸಿರು ಕಟ್ಟಿಯೂ ಸಾಯುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ. ಸಭೆ ಆಗಲೇ ಚಹಾದ ಕಡೆ ಎದ್ದಿತ್ತು.

ಸಾಹೇಬರು ನೀರಿನ ಮಾದರಿಯನ್ನೂ ತೆಗೆಸಿದರು, ಇಲ್ಲವೆನ್ನುವ ಹಾಗಿಲ್ಲ. ಚಹಾ ಕುಡಿದು, ಫೋಟೊ ತೆಗೆಸಿಕೊಂಡು, ನೆತ್ತಿಯ ಮೇಲೆ ಸೂರ್ಯ ಬಂದಾಗ ತೆಗೆಸಿದರು. ಆ ಹೊತ್ತಿಗೆ ಕೆರೆಯಲ್ಲಿರುವ ಪಾಚಿ ಬಿಸಿಲು ಕುಡಿದು ನೀರಿಗೆ ಉಸಿರು ತುಂಬಿರುತ್ತದೆ. ಮೀನು ಉಸಿರಿಲ್ಲದೆ ಒದ್ದಾಡುವುದು ಬೆಳಗಿನ ಜಾವ. ಊರೆಲ್ಲ ಎದ್ದು ಮುಖ ತೊಳೆಯುವ ಮೊದಲೇ ಅದರ ಕಥೆ ಮುಗಿದಿರುತ್ತದೆ. ಮಧ್ಯಾಹ್ನದ ನೀರು ಚೆನ್ನಾಗಿದೆ ಎಂದು ಬಂತು. ಇದನ್ನು ಬೇಕೆಂದೇ ಮಾಡಿದರೋ ತಿಳಿಯದೆ ಮಾಡಿದರೋ ಎಂದು ಆಮೇಲೆ ಹಲವರು ನನ್ನನ್ನು ಕೇಳಿದ್ದಾರೆ. ತಿಳಿಯದೇ ಮಾಡಿದ್ದರೆ ಆ ಕುರ್ಚಿಯಲ್ಲಿ ಕೂರುವುದು ಯಾಕೆ?

ವಾರ ಕಳೆಯುವುದರೊಳಗೆ ಮಿಲ್ಲಿನ ಮಾಲೀಕರು ನಮ್ಮ ಮನೆಗೆ ಬಂದರು. ಅಪ್ಪನ ಕಾಲದ ಪರಿಚಯ ಎಂದು ಹೇಳಿಕೊಂಡು ಕುಳಿತರು. ಅವ್ವ ಚಹಾ ಕೊಟ್ಟಳು. ಅವರು ನನಗೆ ಬುದ್ಧಿ ಹೇಳಿದ್ದು ಕಡಿಮೆ, ಅವ್ವನಿಗೆ ಹೇಳಿದ್ದೇ ಹೆಚ್ಚು. ಓದಿದ ಹುಡುಗಿ, ಅಂಥವರ ಜೊತೆ ತೆಪ್ಪದಲ್ಲಿ ಕುಳಿತು ತಿರುಗುವುದು ಚೆಂದವಲ್ಲ, ನಾಳೆ ಸಂಬಂಧ ನೋಡುವಾಗ ನಾಲ್ಕು ಜನ ನಾಲ್ಕು ಮಾತು ಆಡುತ್ತಾರೆ, ನಮ್ಮವರು ನಮ್ಮವರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂದರು. ಅವರು ಹೋದ ಮೇಲೆ ಅವ್ವ ಲೋಟ ತೊಳೆಯುತ್ತ ನನ್ನ ಕಡೆ ತಿರುಗದೆಯೇ ಹೇಳಿದಳು:

“ನಿನ್ನ ಡಬ್ಬಿ ನಾರ್ತಾವ ಅಂತಿದ್ನೆಲ್ಲ, ಈತನ ಮಾತು ಅದಕ್ಕಿಂತ ಹೆಚ್ಚು ನಾರಿತು. ನಾಳಿ ಎಷ್ಟೊತ್ತಿಗೆ ಹೋಗ್ತಿ? ರೊಟ್ಟಿ ಕಟ್ಟಿಕೊಡ್ತೀನಿ.”

ಮರುದಿನ ಕೋಳಿ ಕೂಗುವ ಹೊತ್ತಿಗೆ ಏರಿಯ ಮೇಲಿದ್ದೆ. ಅಕ್ಕ ನನ್ನ ಕಡೆ ಬೆನ್ನು ಮಾಡಿ ಬಲೆ ಬಿಡಿಸುತ್ತಿದ್ದಳು. ವರದಿಯಲ್ಲಿ ನಾನು ಏನು ಬರೆದಿದ್ದೆ, ಸಾಹೇಬರು ಏನು ಓದಿದರು ಎಂದು ಪೂರ್ತಿ ಹೇಳಿದೆ. ಕೇಳಿ, ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಬರ್ರಿ ಎಂದು ತೆಪ್ಪ ಎಳೆದಳು. ಪೈಪಿನ ಮೂಲೆ ಹತ್ತಿರವಾಗುತ್ತಿದ್ದ ಹಾಗೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ನೀರಿನ ಮೇಲೆ ಎಲ್ಲಿ ನೋಡಿದರೂ ಬಾಯಿಗಳು, ತೆರೆದು ಮುಚ್ಚುವ ಬಾಯಿಗಳು. ಕೈಯಿಂದ ಎತ್ತಿದರೂ ಓಡುವ ಶಕ್ತಿ ಅವಕ್ಕೆ ಇರಲಿಲ್ಲ. ಆಮ್ಲಜನಕ ಅಳೆಯುವ ನನ್ನ ಮೀಟರನ್ನು ಇಳಿಸಿದರೆ ನೀರಿನಲ್ಲಿ ಉಸಿರು ಇದೆಯೋ ಇಲ್ಲವೋ ಎನ್ನುವಷ್ಟು. ಕಾಲುವೆಯ ನೀರು ಬರುವ ಆಚೆ ತುದಿಯಲ್ಲಿ ನೋಡಿದರೆ ಚೆನ್ನಾಗಿತ್ತು. ಅಲ್ಲಿನ ಮೀನುಗಳು ಬಲೆಗೂ ಸುಲಭಕ್ಕೆ ಸಿಗಲಿಲ್ಲ. ಒಂದೇ ಕೆರೆ, ಒಂದೇ ಮರಿ.

ಎರಡೂ ಕಡೆಯ ಮೀನುಗಳನ್ನು ಬಕೆಟ್ಟಿನ ನೀರಿನಲ್ಲಿ ಜೀವಂತ ದಂಡೆಗೆ ತಂದೆವು. ನಾನು ಒಂದನ್ನು ಮಲಗಿಸಿ ಕತ್ತರಿ ತೆಗೆಯುವಷ್ಟರಲ್ಲಿ ಅಕ್ಕನ ಬೆರಳು ತಾನಾಗಿಯೇ ಹೋಗಿ ಕಿವಿರಿಗೆ ಸಿಕ್ಕಿಕೊಂಡಿತು. ನಾನು ಕೈಯ ಮೇಲೆ ಒಂದು ಕೊಟ್ಟೆ. ಆಕೆ ನಗಲಿಕ್ಕೆ ಶುರು ಮಾಡಿದಳು, ನಾನೂ ನಕ್ಕೆ, ಸಾಯುತ್ತಿರುವ ಮೀನಿನ ಮುಂದೆ ಕುಳಿತು ಇಬ್ಬರೂ ನಕ್ಕೆವು. ಆಮೇಲೆ ಆಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಕುಳಿತಳು. ಪೈಪಿನ ಕಡೆಯ ಮೀನಿನ ಕಿವಿರು ಬಿಳಿಚಿಕೊಂಡು, ಊದಿ, ಲೋಳೆ ಕಟ್ಟಿತ್ತು. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ಬಿಡಿಬಿಡಿಯಾಗಿರಬೇಕಾದ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಆಚೆ ತುದಿಯ ಮೀನಿನಲ್ಲಿ ಎಲ್ಲವೂ ನೆಟ್ಟಗಿತ್ತು. ಇನ್ನು ಯಾರು ಏನು ಮಡಚಿ ಜೇಬಿಗಿಟ್ಟರೂ ಮುಚ್ಚಲಾಗದ ಹಾಗೆ ಮೊದಲ ಮಾತಿನಲ್ಲೇ ಬರೆದೆ: ಮಿಲ್ಲಿನ ನೀರಿನಿಂದ ಕಿವಿರು ಹಾಳಾಗಿದೆ, ಹುಣ್ಣು ಆಮೇಲೆ ಬಂದದ್ದು.

ವರದಿ ಕೊಟ್ಟ ದಿನ ಅಕ್ಕನೂ ಹೊಸಪೇಟೆಗೆ ಬಂದಿದ್ದಳು. ಸಾಹೇಬರು ಈ ಸಲ ಪೂರ್ತಿ ಓದಿದರು, ಒಪ್ಪಿದೆ ಎಂದರು. ನನಗೆ ಹಂಪಿಯಲ್ಲಿ ಕೆಲಸವಿತ್ತು, ಅಕ್ಕನನ್ನೂ ಕರೆದುಕೊಂಡು ಹೋದೆ. ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲಿನಲ್ಲಿ ಇಬ್ಬರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಆಕೆ ಮುಂದಿನ ಮಳೆಗೆ ಯಾವ ಮರಿ ಬಿಡಬೇಕು, ಎಷ್ಟು ದೊಡ್ಡದಾದ ಮೇಲೆ ಬಿಟ್ಟರೆ ಗಟ್ಟಿ ಎಂದು ಕೇಳುತ್ತಲೇ ಇದ್ದಳು. ನಾನು ಕೂಡ ದೊಡ್ಡ ಪಂಡಿತೆಯ ಹಾಗೆ ಹೇಳುತ್ತಲೇ ಇದ್ದೆ.

ಆದೇಶ ಬಂತು. ಕೆರೆಯ ನೀರು ಕಲುಷಿತವಾಗಿರುವುದು ವೈಜ್ಞಾನಿಕವಾಗಿ ದೃಢಪಟ್ಟಿರುವುದರಿಂದ ಸಾರ್ವಜನಿಕರ ಆರೋಗ್ಯದ ಹಿತದೃಷ್ಟಿಯಿಂದ ಅಲ್ಲಿ ಮೀನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಲಾಗಿದೆ, ಗುತ್ತಿಗೆ ರದ್ದಾಗಿದೆ. ಮಿಲ್ಲಿಗೆ ನೀರನ್ನು ಸುಧಾರಿಸಿಕೊಳ್ಳಲು ಸಲಹೆ ನೀಡಲಾಗಿದೆ. ಸಲಹೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ, ಸರ್ಕಾರಿ ಸಿಕ್ಕಾ ಬಿದ್ದ ಗಾದೆಯನ್ನು ಅವತ್ತೇ ನೋಡಿದ್ದು.

ನಾನು ಸಾಹೇಬರ ಆಫೀಸಿಗೆ ನುಗ್ಗಿದೆ. ಕೂಗಾಡಿದೆ ಎಂದೇ ಹೇಳಬೇಕು, ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಿಗೆ ಬಂದರು. ಸಾಹೇಬರು ತಣ್ಣಗಿದ್ದರು. ನೀರು ಕೆಟ್ಟಿದೆ ಎಂದವರು ನೀವೇ ಮೇಡಂ, ಕೆಟ್ಟ ನೀರಿನ ಮೀನನ್ನು ಜನಕ್ಕೆ ತಿನ್ನಿಸಿ ಎನ್ನುತ್ತೀರಾ ಎಂದರು. ಪೈಪನ್ನು ಮುಚ್ಚಿಸಿ ಎಂದೆ. ಮಿಲ್ಲಿನಲ್ಲಿ ಕೂಲಿ ಮಾಡುವವರು ಎಷ್ಟು ಜನ ಇದ್ದಾರೆ ಗೊತ್ತೇ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸತ್ತದ್ದು ಮೀನು, ಮುರಿದದ್ದು ಆ ದಡದ ಮನೆಗಳು, ಅದಕ್ಕೆ ಕೋಲಾಗಿ ಹಿಡಿದದ್ದು ನನ್ನ ವರದಿಯನ್ನು. ಹಾಗಾದರೆ ತಿಂಗಳಿಗೊಮ್ಮೆ ಹೋಗಿ ಮೀನಿನ ಮಾದರಿ ತೆಗೆಯಲು ನನಗೆ ಅನುಮತಿ ಕೊಡಿ, ಪೈಪು ಇರುವವರೆಗೆ ಏನಾಗುತ್ತದೆ ಎಂದಾದರೂ ಬರೆದಿಡುತ್ತೇನೆ ಎಂದೆ. ಮೀನುಗಾರಿಕೆಯೇ ಇಲ್ಲದ ಕೆರೆಯಲ್ಲಿ ಮೀನಿನ ಆರೋಗ್ಯ ನೋಡಿ ಏನು ಮಾಡುತ್ತೀರಿ ಎಂದರು, ನಿಷೇಧ ಎಂದರೆ ಎಲ್ಲರಿಗೂ ನಿಷೇಧ.

ಮೆಟ್ಟಿಲು ಇಳಿಯುವಾಗ ನನಗೆ ಅದರ ಪೂರ್ತಿ ಅರ್ಥವಾಯಿತು. ಹಿಡಿಯುವವರಿಲ್ಲ, ಆದ್ದರಿಂದ ಬೆಳಗಿನ ಜಾವ ನೋಡುವವರಿಲ್ಲ. ನೋಡುವವರಿಲ್ಲ, ಆದ್ದರಿಂದ ದೂರು ಇಲ್ಲ, ಮಾದರಿ ಇಲ್ಲ, ಕಿವಿರು ಇಲ್ಲ. ಇನ್ನು ಮುಂದೆ ಸರ್ಕಾರದ ಲೆಕ್ಕದಲ್ಲಿ ಆ ಕೆರೆಯಲ್ಲಿ ಒಂದು ಮೀನೂ ಸಾಯುವುದಿಲ್ಲ.

ಹೇಳದೆ ಇರಲು ಆಗುವುದಿಲ್ಲ, ಹೇಳಲು ಮುಖವಿಲ್ಲ, ಆದರೂ ಮರುದಿನ ಹೊತ್ತು ಮೂಡುವ ಮೊದಲೇ ಹೋದೆ. ಏರಿಯ ಮೇಲೆ ಹೊಸ ಬೋರ್ಡು ನೆಟ್ಟಿದ್ದರು, ಮೀನು ಹಿಡಿದರೆ ದಂಡ ಎಂದು. ಪೈಪಿನ ಹತ್ತಿರ ಯಾವ ಬೋರ್ಡೂ ಇರಲಿಲ್ಲ. ಅಕ್ಕ ಬೋರಲು ಹಾಕಿದ ತೆಪ್ಪದ ಮೇಲೆ ಕುಳಿತಿದ್ದಳು. ನನ್ನ ವರದಿಯಿಂದಲೇ ಹೀಗಾಯಿತು ಎಂದೆ. ಆಕೆ ಪೈಪಿನ ಕಡೆ ನೋಡುತ್ತ ಹೇಳಿದಳು.

“ರೋಗ ಅಂದ್ರ ನಮ್ಮ ತಪ್ಪು ಅಂದ್ರು. ನೀರು ಕೆಟ್ಟೈತಿ ಅಂದ್ರ ನಮ್ಮನ್ನ ಎಬ್ಬಿಸಿದ್ರು. ಹೆಂಗ ಬಂದ್ರೂ ನಮ್ಮ ಮ್ಯಾಲ ಬರ್ತೈತಿ. ಡಬ್ಬಿ ತಂದೀರೇನು?”

ತಂದಿದ್ದೆ. ಯಾಕೆ ತಂದೆನೋ ನನಗೇ ಗೊತ್ತಿರಲಿಲ್ಲ, ಅಭ್ಯಾಸ. ಆಕೆ ಎದ್ದು ತೆಪ್ಪವನ್ನು ನೆಟ್ಟಗೆ ತಿರುವಿ ನೀರಿಗೆ ನೂಕಿದಳು. ಪೈಪಿನ ಮೂಲೆಯಲ್ಲಿ ಆಗಲೇ ಬಾಯಿಗಳು ಕಾಣುತ್ತಿದ್ದವು. ಬೋರ್ಡಿನ ಕಡೆ ಕೈ ತೋರಿಸಿ, ದಂಡ ಹಾಕುತ್ತಾರೆ ಅಕ್ಕ, ಇಬ್ಬರಿಗೂ ಹಾಕುತ್ತಾರೆ ಎಂದೆ.

“ಹಾಕ್ಲಿ. ಹಾಕಿದ್ರ ಯಾಕ ಹಾಕಿದ್ವಿ, ಎಲ್ಲಿ ಹಾಕಿದ್ವಿ, ಅಲ್ಲಿ ಏನ್ ಕಂಡ್ವಿ ಅಂತ ಅವ್ರೇ ಬರೀಬೇಕಾಗ್ತೈತೆಲ್ಲ. ಕುಂದ್ರಿ.”

ನಾನು ಚಪ್ಪಲಿಯನ್ನು ದಂಡೆಯಲ್ಲೇ ಬಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಆಕೆ ಹುಟ್ಟು ಹಾಕಿದಳು.